ಮೆಥಡೋನ್ ಚಿಕಿತ್ಸೆ ಮತ್ತು ಹೃದಯದ ಬಡಿತ: ರೋಗಿಗಳೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳು

(ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಇವತ್ತಿನ ವಿಷಯವನ್ನು ನಾಲ್ಕು ಜನರ ಮುಂದೆ ಮಾತನಾಡಲು ಅನೇಕರಿಗೆ ಸಂಕೋಚ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಎಂದರೆ ಯಾರೂ ಮುಚ್ಚಿಡುವುದಿಲ್ಲ. ಮನೆಯ ಮಗನಿಗೋ ಅಳಿಯನಿಗೋ ಹೆರಾಯಿನ್, ಅಫೀಮು, ನೋವಿನ ಗುಳಿಗೆಗಳ ಚಟ ಹತ್ತಿದೆ ಎಂದರೆ ಮಾತ್ರ ಮಾತು ಗಂಟಲಲ್ಲೇ ನಿಲ್ಲುತ್ತದೆ. ಆದರೆ ಈ ಸಂಕೋಚವೇ ಕೆಲವೊಮ್ಮೆ ಜೀವಕ್ಕೆ ಎರವಾಗುತ್ತದೆ. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಕೇಳಿರಿ. ಗೊತ್ತಾಗದಿದ್ದದ್ದನ್ನು ಆಮೇಲೆ ಕೇಳಲು ನಾಚಬೇಡಿರಿ.

ಮೆಥಡೋನ್ ಎಂದರೆ ಏನು?

ಅಫೀಮು, ಮಾರ್ಫಿನ್, ಹೆರಾಯಿನ್, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್, ಟಪೆಂಟಡಾಲ್ ಇವೆಲ್ಲ ಒಂದೇ ಬಳಗದವು. ವೈದ್ಯರು ಇವುಗಳಿಗೆ ಓಪಿಯಾಯ್ಡ್ ಎನ್ನುತ್ತಾರೆ. ಇವನ್ನು ಬಹಳ ದಿನ ತೆಗೆದುಕೊಂಡರೆ ಮೈ ಒಗ್ಗಿಹೋಗುತ್ತದೆ. ಒಂದು ಹೊತ್ತು ಸಿಗದಿದ್ದರೆ ಮೈಕೈ ನೋವು, ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಹೊಟ್ಟೆ ನುಲಿತ, ಭೇದಿ, ನಿದ್ದೆಯಿಲ್ಲದ ಚಡಪಡಿಕೆ ಶುರುವಾಗುತ್ತದೆ. ಇದು ಬರೀ ಮನಸ್ಸಿನ ದುರ್ಬಲತೆಯಲ್ಲ, ಮೆದುಳಿನಲ್ಲಿ ಆಗಿರುವ ಬದಲಾವಣೆ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಸಂಸ್ಥೆಯಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ನೂರಕ್ಕೆ ಸುಮಾರು 2 ಜನ ಈ ಬಳಗದ ಪದಾರ್ಥಗಳನ್ನು ಬಳಸುತ್ತಾರೆ. ಆದ್ದರಿಂದ ಈ ಕಷ್ಟ ನಮ್ಮ ಮನೆಗೊಂದೇ ಬಂದಿದೆ ಎಂದು ತಿಳಿಯಬೇಡಿರಿ.

ಮೆಥಡೋನ್ ಕೂಡ ಇದೇ ಬಳಗದ ಔಷಧಿ. 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಇದನ್ನು ತಯಾರಿಸಿದರು. ನ್ಯೂಯಾರ್ಕಿನ ಡಾ. ವಿನ್ಸೆಂಟ್ ಡೋಲ್ ಮತ್ತು ಡಾ. ಮೇರಿ ನೈಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ಚಟವಿದ್ದ 22 ಜನರಿಗೆ ಇದನ್ನು ಕೊಟ್ಟು, ಅವರ ಬದುಕು ಹಾದಿಗೆ ಬಂದದ್ದನ್ನು 1965ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ಈ ಕಾಯಿಲೆಯ ಚಿಕಿತ್ಸೆಗಾಗಿ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 2012ರಲ್ಲಿ ಮೆಥಡೋನ್ ಚಿಕಿತ್ಸೆ ಪ್ರಾಯೋಗಿಕವಾಗಿ ಆರಂಭವಾಯಿತು. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಇದು ಅಗತ್ಯ ಮಾದಕ ಔಷಧಿಗಳ ಪಟ್ಟಿಯಲ್ಲಿಯೂ ಸೇರಿದೆ. ಚಟದ ಚಿಕಿತ್ಸೆಗೆ ನಮ್ಮಲ್ಲಿ ಹೆಚ್ಚಾಗಿ ಕೊಡುವುದು ನಾಲಿಗೆಯ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಗುಳಿಗೆ. ಮೆಥಡೋನ್ ಕೊಡುವ ಕೇಂದ್ರಗಳು ಕಡಿಮೆ. ಆದರೂ ಪರ ಊರು, ಪರ ದೇಶದಲ್ಲಿ ಈ ಚಿಕಿತ್ಸೆ ಶುರು ಮಾಡಿಕೊಂಡು ಬಂದವರಿರುತ್ತಾರೆ. ಕ್ಯಾನ್ಸರ್ ನೋವಿಗಾಗಿ ಮೆಥಡೋನ್ ತೆಗೆದುಕೊಳ್ಳುವವರೂ ಇರುತ್ತಾರೆ. ಈ ಮಾತುಗಳು ಅವರೆಲ್ಲರಿಗೂ ಅನ್ವಯಿಸುತ್ತವೆ.

ಹೆರಾಯಿನ್ ನಿಶೆ ಥಟ್ಟನೆ ಏರಿ, ಕೆಲವು ತಾಸಿನಲ್ಲಿ ಇಳಿಯುತ್ತದೆ. ಇಳಿದ ಕೂಡಲೇ ಮತ್ತೆ ಹುಡುಕಾಟ. ಮೆಥಡೋನ್ ಹಾಗಲ್ಲ. ನಿಧಾನವಾಗಿ ಏರಿ, ಒಂದು ದಿನಕ್ಕೂ ಮೀರಿ ರಕ್ತದಲ್ಲಿ ಉಳಿಯುತ್ತದೆ. ಸರಿಯಾದ ಪ್ರಮಾಣದಲ್ಲಿ ದಿನಕ್ಕೊಂದು ಸಲ ಕುಡಿದರೆ ಸಂಕಟವೂ ಇಲ್ಲ, ನಿಶೆಯೂ ಇಲ್ಲ. ಮನುಷ್ಯ ಕೆಲಸಕ್ಕೆ ಹೋಗಬಹುದು, ಮಕ್ಕಳ ಮುಖ ನೋಡಬಹುದು. ಸೂಜಿ ಚುಚ್ಚಿಕೊಳ್ಳುವುದು ನಿಂತರೆ ಎಚ್.ಐ.ವಿ., ಕಾಮಾಲೆಯ ಭಯವೂ ಕಡಿಮೆಯಾಗುತ್ತದೆ.

ಹಾಗಾದರೆ ಹೃದಯದ ಮಾತು ಏಕೆ ಬಂತು?

ಒಳ್ಳೆಯ ಔಷಧಿಗೂ ತನ್ನದೇ ಆದ ತೊಂದರೆಗಳಿರುತ್ತವೆ. ಮೆಥಡೋನ್ ಕೆಲವರಲ್ಲಿ ಹೃದಯದ ವಿದ್ಯುತ್ ವ್ಯವಸ್ಥೆಯನ್ನು ನಿಧಾನ ಮಾಡುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿರಿ. ಕೊಡ ತುಂಬಿ ಮೇಲೆ ಬರುತ್ತದೆ, ನೀರು ಸುರಿಯುತ್ತೀರಿ, ಮತ್ತೆ ಖಾಲಿ ಕೊಡವನ್ನು ಕೆಳಗೆ ಬಿಡುತ್ತೀರಿ. ಕೊಡ ಪೂರ್ತಿ ಕೆಳಗಿಳಿದ ಮೇಲೆಯೇ ಮತ್ತೆ ಎಳೆಯಬೇಕು. ಅರ್ಧ ದಾರಿಯಲ್ಲಿ ಇರುವಾಗಲೇ ಯಾರಾದರೂ ಹಗ್ಗ ಜಗ್ಗಿದರೆ ಏನಾಗುತ್ತದೆ? ಹಗ್ಗ ರಾಟೆಯಿಂದ ಜಾರಿ ಸಿಕ್ಕು ಬೀಳುತ್ತದೆ, ನೀರು ಮೇಲೆ ಬರುವುದಿಲ್ಲ.

ಹೃದಯವೂ ಹೀಗೆಯೇ. ಪ್ರತಿ ಬಡಿತದಲ್ಲೂ ಒಂದು ವಿದ್ಯುತ್ ಅಲೆ ಹರಿದು ಹೃದಯ ರಕ್ತವನ್ನು ಒತ್ತಿ ಕಳಿಸುತ್ತದೆ. ಆಮೇಲೆ ಜೀವಕೋಶಗಳೊಳಗಿನ ಪೊಟಾಸಿಯಂ ಸಣ್ಣ ಬಾಗಿಲುಗಳಂಥ ರಂಧ್ರಗಳಿಂದ ಹೊರಬಂದು, ಮುಂದಿನ ಬಡಿತಕ್ಕೆ ಹೃದಯ ಸಜ್ಜಾಗುತ್ತದೆ. ಮೆಥಡೋನ್ ಈ ಬಾಗಿಲುಗಳಲ್ಲಿ ಒಂದು ಬಗೆಯದನ್ನು ಸ್ವಲ್ಪ ಮುಚ್ಚುತ್ತದೆ. ಆಗ ಸಜ್ಜಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೊಡ ಇಳಿಯುವುದು ತಡವಾದಂತೆ. ಆ ನಡುವೆ ಅಕಾಲದಲ್ಲಿ ಒಂದು ಬಡಿತ ಬಂದುಬಿಟ್ಟರೆ ಹೃದಯದ ಲಯ ಕೆಡಬಹುದು. ಬಡಿತ ಅತಿ ವೇಗವಾಗಿ, ತಿರುಚಿಕೊಂಡಂತೆ ಆಗುತ್ತದೆ, ರಕ್ತ ಮಾತ್ರ ಮುಂದೆ ಹೋಗುವುದಿಲ್ಲ. 1966ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯರು ಟಾರ್ಸಾಡ್ ಡಿ ಪಾಯಿಂಟ್ ಎಂಬ ಹೆಸರು ಕೊಟ್ಟರು. ಹೆಸರು ನೆನಪಿಡಬೇಕಿಲ್ಲ. ಇದರಿಂದ ಮನುಷ್ಯ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾನೆ, ಕೆಲವೊಮ್ಮೆ ತಾನಾಗಿಯೇ ಎಚ್ಚರಗೊಳ್ಳುತ್ತಾನೆ, ಕೆಲವೊಮ್ಮೆ ಜೀವ ಹೋಗುತ್ತದೆ ಎಂಬುದನ್ನು ನೆನಪಿಡಿರಿ.

2002ರಲ್ಲಿ ಅಮೆರಿಕದ ವೈದ್ಯರು ಇಂಥ 17 ರೋಗಿಗಳ ವಿವರ ಪ್ರಕಟಿಸಿದಾಗ ಎಲ್ಲರ ಗಮನ ಈ ಕಡೆ ಹರಿಯಿತು. ಅವರು ದಿನಕ್ಕೆ ಸರಾಸರಿ ಸುಮಾರು 400 ಮಿಲಿಗ್ರಾಂ, ಅಂದರೆ ಬಹಳ ದೊಡ್ಡ ಪ್ರಮಾಣದಲ್ಲಿ ಮೆಥಡೋನ್ ತೆಗೆದುಕೊಳ್ಳುತ್ತಿದ್ದರು. 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಫ್.ಡಿ.ಎ. ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಚಟದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬೇಕಾಗುವ ಪ್ರಮಾಣ ದಿನಕ್ಕೆ 60ರಿಂದ 120 ಮಿಲಿಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದರೆ ಬೇರೆ ಕಾರಣಗಳು ಕೂಡಿದರೆ ಕಡಿಮೆ ಪ್ರಮಾಣದಲ್ಲಿಯೂ ತೊಂದರೆ ಬರಬಹುದು.

ಇ.ಸಿ.ಜಿ. ಏಕೆ ತೆಗೆಯುತ್ತಾರೆ?

ಈ ತೊಂದರೆ ಹೊರಗಿನಿಂದ ಕಾಣುವುದಿಲ್ಲ. ಎದೆ ನೋವಿರುವುದಿಲ್ಲ, ರಕ್ತದ ಒತ್ತಡ ಸರಿಯಾಗಿಯೇ ಇರುತ್ತದೆ. ಇ.ಸಿ.ಜಿ. ಪಟ್ಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಆ ಚೌಕಳಿ ಕಾಗದದಲ್ಲಿ ಒಂದೊಂದು ಸಣ್ಣ ಚೌಕವೂ 40 ಮಿಲಿಸೆಕೆಂಡು. ಸಾವಿರ ಮಿಲಿಸೆಕೆಂಡಿಗೆ ಒಂದು ಸೆಕೆಂಡು. ಬಡಿತ ಶುರುವಾದಲ್ಲಿಂದ ಹೃದಯ ಮತ್ತೆ ಸಜ್ಜಾಗುವವರೆಗಿನ ಅಂತರಕ್ಕೆ ಕ್ಯೂ.ಟಿ. ಎನ್ನುತ್ತಾರೆ. ನಾಡಿಯ ವೇಗಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸಿದರೆ ಅದು ಕ್ಯೂ.ಟಿ.ಸಿ. ಸಾಮಾನ್ಯವಾಗಿ ಗಂಡಸರಲ್ಲಿ ಇದು 450ರ ಒಳಗೆ, ಹೆಂಗಸರಲ್ಲಿ 460ರ ಒಳಗೆ ಇರಬೇಕು. 500 ದಾಟಿದರೆ ಅಪಾಯ ಹೆಚ್ಚು ಎಂದು ತಿಳಿಯುತ್ತಾರೆ.

2009ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಕೊಟ್ಟ ಸಲಹೆ ಹೀಗಿದೆ:

1. ಮೆಥಡೋನ್ ಶುರು ಮಾಡುವ ಮೊದಲು ಒಂದು ಇ.ಸಿ.ಜಿ.
2. ಶುರು ಮಾಡಿದ 30 ದಿನದೊಳಗೆ ಇನ್ನೊಂದು.
3. ಆಮೇಲೆ ವರ್ಷಕ್ಕೊಮ್ಮೆ.
4. ಪ್ರಮಾಣ ದಿನಕ್ಕೆ 100 ಮಿಲಿಗ್ರಾಂ ದಾಟಿದರೆ, ಅಥವಾ ಕಾರಣವಿಲ್ಲದೆ ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ ಆಗಲೂ ತೆಗೆಯಬೇಕು.

450ರಿಂದ 500ರ ನಡುವೆ ಬಂದರೆ ಔಷಧಿ ನಿಲ್ಲಿಸಬೇಕೆಂದಿಲ್ಲ. ವೈದ್ಯರು ನಿಮ್ಮೊಡನೆ ಮಾತನಾಡಿ ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತಾರೆ. 500 ದಾಟಿದರೆ ಬೇರೆ ಕಾರಣಗಳನ್ನು ಹುಡುಕಿ ಸರಿಪಡಿಸುತ್ತಾರೆ, ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬ್ಯುಪ್ರೆನಾರ್ಫಿನ್‌ಗೆ ಬದಲಾಯಿಸುತ್ತಾರೆ. ಬ್ಯುಪ್ರೆನಾರ್ಫಿನ್ ಹೃದಯದ ಲಯದ ಮೇಲೆ ಮಾಡುವ ಪರಿಣಾಮ ಮೆಥಡೋನ್‌ಗಿಂತ ಬಹಳ ಕಡಿಮೆ. ಆದರೆ ಮೆಥಡೋನ್ ಮೈಯಲ್ಲಿ ಇನ್ನೂ ಇರುವಾಗಲೇ ಅದನ್ನು ಅವಸರದಿಂದ ಕೊಟ್ಟರೆ ತೀವ್ರ ಸಂಕಟ ಬರುತ್ತದೆ. ಆದ್ದರಿಂದ ಈ ಬದಲಾವಣೆ ವೈದ್ಯರ ಕೈಯಲ್ಲೇ ಆಗಬೇಕು.

ಹಳೆಯ ಇ.ಸಿ.ಜಿ. ಪಟ್ಟಿಗಳನ್ನು ಬಿಸಾಡಬೇಡಿರಿ. ಮೊದಲಿನದು ಎಷ್ಟಿತ್ತು, ಈಗಿನದು ಎಷ್ಟಾಗಿದೆ ಎಂದು ಹೋಲಿಸಿ ನೋಡುವುದರಲ್ಲಿಯೇ ಅದರ ಉಪಯೋಗ. ಆ ಪಟ್ಟಿಯ ಮಸಿ ದಿನ ಕಳೆದಂತೆ ಮಾಸುತ್ತದೆ, ಆದ್ದರಿಂದ ಒಂದು ಝೆರಾಕ್ಸ್ ತೆಗೆಸಿ ಕಾರ್ಡಿನ ಜೊತೆ ಇಟ್ಟುಕೊಳ್ಳಿರಿ.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಮೊದಲೇ ಹೃದಯದ ಕಾಯಿಲೆ, ಹೃದಯ ಸೋಲು ಇರುವವರು, ಲಿವರ್ ಕೆಟ್ಟವರು, ಹಿಂದೆ ಎಚ್ಚರ ತಪ್ಪಿ ಬಿದ್ದವರು ವೈದ್ಯರಿಗೆ ಹೇಳಲೇಬೇಕು. ಹೆಂಗಸರಲ್ಲಿ ಈ ಅಂತರ ಸ್ವಾಭಾವಿಕವಾಗಿಯೇ ಸ್ವಲ್ಪ ಉದ್ದ, ಆದ್ದರಿಂದ ಅವರಿಗೂ ಎಚ್ಚರ ಬೇಕು.

ಇನ್ನೊಂದು ಮಾತನ್ನು ಹಿರಿಯರು ಗಮನವಿಟ್ಟು ಕೇಳಬೇಕು. ಕೆಲವು ಮನೆತನಗಳಲ್ಲಿ ಕ್ಯೂ.ಟಿ. ಅಂತರ ಹುಟ್ಟಿನಿಂದಲೇ ಉದ್ದವಿರುತ್ತದೆ. ಚಿಕ್ಕ ವಯಸ್ಸಿನಲ್ಲೇ ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಎಚ್ಚರ ತಪ್ಪುವುದು, ಹಠಾತ್ ಸಾಯುವುದು ಇದರ ಗುರುತು. ಇದರಲ್ಲಿಯೇ ಒಂದು ಬಗೆಯಲ್ಲಿ ಮಗುವಿಗೆ ಹುಟ್ಟು ಕಿವುಡೂ ಇರುತ್ತದೆ. 1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು ಇದನ್ನು ಮೊದಲು ವಿವರಿಸಿದರು. ಇಂಥ ಬಗೆ ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹೆಚ್ಚು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇದೆ. ಆದ್ದರಿಂದ ಮನೆತನದಲ್ಲಿ ಹುಟ್ಟು ಕಿವುಡು, ಪದೇ ಪದೇ ಎಚ್ಚರ ತಪ್ಪುವುದು, ಹರೆಯದಲ್ಲಿ ಕಾರಣವಿಲ್ಲದ ಸಾವು ಇದ್ದರೆ ಮೆಥಡೋನ್ ಶುರು ಮಾಡುವ ಮೊದಲೇ ತಿಳಿಸಿರಿ. ರೋಗಿಗೆ ಗೊತ್ತಿಲ್ಲದ್ದು ಅಜ್ಜಿಗೆ ಗೊತ್ತಿರುತ್ತದೆ. ಕೇಳಿಕೊಂಡು ಬನ್ನಿರಿ.

ಮೈಯಲ್ಲಿ ಪೊಟಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೂ ಅಪಾಯ ಹೆಚ್ಚುತ್ತದೆ. ವಾಂತಿ ಭೇದಿ ಆದಾಗ, ಹೊಟ್ಟೆಗೆ ಸರಿಯಾಗಿ ತಿನ್ನದಿದ್ದಾಗ, ವಿಪರೀತ ಸಾರಾಯಿ ಕುಡಿದಾಗ, ಮೂತ್ರ ಹೆಚ್ಚು ಹೋಗಿಸುವ ಗುಳಿಗೆ ತೆಗೆದುಕೊಂಡಾಗ ಇವು ಕಡಿಮೆಯಾಗುತ್ತವೆ. ಭೇದಿ ಶುರುವಾದರೆ ಓ.ಆರ್.ಎಸ್. ಪುಡಿ ಕಲಸಿದ ನೀರು ಕುಡಿಸಿರಿ, ದವಾಖಾನೆಗೆ ಕರೆದುಕೊಂಡು ಬನ್ನಿರಿ. ಎಳನೀರು, ಬಾಳೆಹಣ್ಣಿನಲ್ಲಿ ಪೊಟಾಸಿಯಂ ಇದೆ. ಆದರೆ ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮುಚ್ಚಿಡುವುದರಿಂದ ಆಗುವ ಅನಾಹುತ

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮೆಥಡೋನ್ ತೆಗೆದುಕೊಳ್ಳುವ ಹುಡುಗನಿಗೆ ಜ್ವರ, ಕೆಮ್ಮು ಬಂತು ಎಂದುಕೊಳ್ಳಿರಿ. ಹತ್ತಿರದ ಡಾಕ್ಟರ ಬಳಿಗೆ ತಾಯಿ ಕರೆದೊಯ್ಯುತ್ತಾಳೆ. "ಬೇರೆ ಏನಾದರೂ ಔಷಧಿ ನಡೆದಿದೆಯಾ?" ಎಂದು ಅವರು ಕೇಳುತ್ತಾರೆ. ಪಕ್ಕದಲ್ಲಿ ಊರಿನವರು ಕುಳಿತಿದ್ದಾರೆ. ತಾಯಿ "ಏನೂ ಇಲ್ಲರಿ" ಎನ್ನುತ್ತಾಳೆ. ಡಾಕ್ಟರು ಜ್ವರ ಕೆಮ್ಮಿಗೆ ಒಂದು ಆಂಟಿಬಯಾಟಿಕ್, ವಾಂತಿಗೆ ಒಂದು, ಗ್ಯಾಸಿಗೆ ಒಂದು ಗುಳಿಗೆ ಬರೆಯುತ್ತಾರೆ. ಡಾಕ್ಟರ ತಪ್ಪಿಲ್ಲ. ತಾಯಿಯ ಸಂಕಟವೂ ನಮಗೆ ಅರ್ಥವಾಗುತ್ತದೆ. ಆದರೆ ಆ ಮೂರೂ ಗುಳಿಗೆಗಳು ಮೆಥಡೋನ್ ಜೊತೆ ಸೇರಿ ಹೃದಯದ ಲಯ ಕೆಡಿಸುವ ಜಾತಿಯವೇ ಆಗಿರಬಹುದು.

ಯಾವ ಔಷಧಿಗಳಲ್ಲಿ ಎಚ್ಚರ ಬೇಕೆಂದು ಕೆಲವು ಹೆಸರು ಹೇಳುತ್ತೇನೆ:

* ಆಂಟಿಬಯಾಟಿಕ್‌ಗಳಲ್ಲಿ ಅಜಿಥ್ರೊಮೈಸಿನ್, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್.
* ಹುಳುಕಡ್ಡಿ, ಬೂಷ್ಟಿನ ಸೋಂಕಿಗೆ ಕೊಡುವ ಫ್ಲುಕೊನಜೋಲ್.
* ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್, ಡಾಂಪೆರಿಡೋನ್. ಗ್ಯಾಸಿನ ಗುಳಿಗೆ ಎಂದು ನಾವು ಕೊಳ್ಳುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಈ ಡಾಂಪೆರಿಡೋನ್ ಸೇರಿರುತ್ತದೆ. ಪ್ಯಾಂಟೊಪ್ರಜೋಲ್ ಜಾತಿಯ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಿದರೆ ಮೆಗ್ನೀಸಿಯಂ ಕೂಡ ಕಡಿಮೆಯಾಗಬಹುದು.
* ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್.
* ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್, ಸಿಟಲೊಪ್ರಾಮ್, ಎಸ್ಸಿಟಲೊಪ್ರಾಮ್.
* ಹೃದಯದ ಬಡಿತಕ್ಕೇ ಕೊಡುವ ಅಮಿಯೊಡರೋನ್, ಸೊಟಲಾಲ್.
* ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್.

ಇವನ್ನು ಎಂದೂ ತೆಗೆದುಕೊಳ್ಳಬಾರದು ಎಂದು ಅರ್ಥವಲ್ಲ. ಕೆಲವಕ್ಕೆ ಬದಲಿ ಔಷಧಿ ಇದೆ. ಕೆಲವನ್ನು ಇ.ಸಿ.ಜಿ. ನೋಡುತ್ತ ಕೊಡಬಹುದು. ಆದರೆ ಅದನ್ನು ನಿರ್ಧರಿಸಬೇಕಾದ ವೈದ್ಯರಿಗೆ ಮೆಥಡೋನ್ ವಿಷಯ ಗೊತ್ತಿರಬೇಕಲ್ಲವೇ? ಎಲ್ಲರ ಎದುರಿಗೆ ಹೇಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ ಬರೆದು ಡಾಕ್ಟರ ಕೈಗೆ ಕೊಡಿರಿ. "ಒಳಗೆ ಮಾತಾಡಬೇಕಿತ್ತು ಸಿಸ್ಟರ್" ಎಂದು ನರ್ಸಿಗೆ ಹೇಳಿರಿ. ಅಷ್ಟು ಸಾಕು. ನಿಮ್ಮ ಗುಟ್ಟು ಕಾಯುವುದು ನಮ್ಮ ಕರ್ತವ್ಯ.

ಇನ್ನು ಕ್ಷಯದ ರಿಫಾಂಪಿಸಿನ್, ಫಿಟ್ಸಿನ ಫಿನಿಟಾಯಿನ್, ಕಾರ್ಬಮಜೆಪಿನ್, ಎಚ್.ಐ.ವಿ.ಗೆ ಕೊಡುವ ನೆವಿರಾಪಿನ್, ಎಫಾವಿರೆಂಜ್ ಇವು ಮೆಥಡೋನ್ ಅಂಶವನ್ನು ರಕ್ತದಲ್ಲಿ ಕಡಿಮೆ ಮಾಡುತ್ತವೆ. ಆಗ ರೋಗಿಗೆ ಸಂಕಟ ಶುರುವಾಗಿ ಮತ್ತೆ ಚಟದ ಕಡೆ ಮನಸ್ಸು ಎಳೆಯುತ್ತದೆ. ಅದಕ್ಕೆಂದು ಮೆಥಡೋನ್ ಹೆಚ್ಚಿಸಿದ್ದರೆ, ಆ ಔಷಧಿಗಳು ಮುಗಿದ ಮೇಲೆ ಅಂಶ ಮತ್ತೆ ಏರುತ್ತದೆ. ಆದ್ದರಿಂದ ಯಾವುದೇ ಔಷಧಿ ಹೊಸದಾಗಿ ಶುರು ಆದರೂ, ನಿಂತರೂ ಮೆಥಡೋನ್ ಕೊಡುವ ಕೇಂದ್ರಕ್ಕೆ ತಿಳಿಸಬೇಕು.

ಮೆಡಿಕಲ್ ಶಾಪಿನಲ್ಲಿ ಸಿಗುವ ಭೇದಿ ಗುಳಿಗೆ ಲೋಪೆರಮೈಡ್ ಬಗ್ಗೆಯೂ ಒಂದು ಮಾತು. ಸಂಕಟ ತಡೆಯಲಾರದೆ ಕೆಲವರು ಇದನ್ನು ಹತ್ತಾರು ಒಮ್ಮೆಗೇ ನುಂಗುತ್ತಾರೆ. ಇಷ್ಟು ಪ್ರಮಾಣದಲ್ಲಿ ಅದೂ ಹೃದಯದ ಲಯ ಕೆಡಿಸುತ್ತದೆ ಎಂದು ಎಫ್.ಡಿ.ಎ. 2016ರಲ್ಲಿ ಎಚ್ಚರಿಸಿದೆ. ಸಂಕಟವಾದರೆ ಕೇಂದ್ರಕ್ಕೆ ಬನ್ನಿರಿ, ಅಂಗಡಿಯ ಗುಳಿಗೆಯಿಂದ ನೀವೇ ಉಪಚಾರ ಮಾಡಿಕೊಳ್ಳಬೇಡಿರಿ.

ಅಪಾಯದ ಗುರುತುಗಳು

ಮನೆಯವರು ಎರಡು ಬಗೆಯ ಅಪಾಯಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು.

ಮೊದಲನೆಯದು ಹೃದಯದ ಲಯ ಕೆಡುವುದು. ಎದೆ ಡವಗುಟ್ಟುವುದು, ತಲೆ ಹಗುರಾಗಿ ಕಣ್ಣು ಕತ್ತಲೆ ಬರುವುದು, ನಿಂತವರು ಕುಳಿತವರು ಇದ್ದಕ್ಕಿದ್ದಂತೆ ಕುಸಿಯುವುದು. ಬಿದ್ದಾಗ ಕೈಕಾಲು ಅದುರಬಹುದು. ಇದನ್ನು ನೋಡಿ ಫಿಟ್ಸ್ ಎಂದೋ, "ಮತ್ತೆ ಏನೋ ತಗೊಂಡಾನ" ಎಂದೋ ತಿಳಿಯುವುದುಂಟು. ಒಂದೆರಡು ನಿಮಿಷದಲ್ಲಿ ಎದ್ದು ಕುಳಿತರೂ ಅದೇ ದಿನ ಇ.ಸಿ.ಜಿ. ಆಗಲೇಬೇಕು.

ಎರಡನೆಯದು ಉಸಿರು ಕುಗ್ಗುವುದು. ಇದು ಹೆಚ್ಚಾಗಿ ಚಿಕಿತ್ಸೆಯ ಮೊದಲ ಎರಡು ವಾರಗಳಲ್ಲಿ ಆಗುತ್ತದೆ. ಮೆಥಡೋನ್ ಮೈಯಲ್ಲಿ ಬಹಳ ಹೊತ್ತು ಉಳಿಯುವುದರಿಂದ ಇವತ್ತಿನದರ ಮೇಲೆ ನಾಳಿನದು ಕೂಡುತ್ತ ಹೋಗುತ್ತದೆ. ಅದಕ್ಕೇ ಮೊದಲ ದಿನ 20 ಮಿಲಿಗ್ರಾಮಿನಷ್ಟು ಸ್ವಲ್ಪವೇ ಕೊಟ್ಟು ನಿಧಾನವಾಗಿ ಏರಿಸುತ್ತಾರೆ. "ಸಾಲದು, ಇನ್ನಷ್ಟು ಕೊಡ್ರಿ" ಎಂದು ರೋಗಿ ಕೇಳಿದರೂ ಕೊಡದಿರುವುದು ಇದೇ ಕಾರಣಕ್ಕೆ. ಎಬ್ಬಿಸಿದರೂ ಏಳದ ಮಂಪರು, ವಿಚಿತ್ರ ಗೊರಕೆ, ನಿಧಾನವಾದ ಉಸಿರು, ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಿನ ಪಾಪೆ, ನೀಲಿಗಟ್ಟಿದ ತುಟಿ ಇದರ ಗುರುತು. "ಪಾಪ, ಬಹಳ ದಿನಕ್ಕೆ ಒಳ್ಳೆ ನಿದ್ದೆ ಹತ್ತೈತಿ, ಮಲಗಲಿ" ಎಂದು ಬಿಡಬೇಡಿರಿ. ಮದ್ಯ, ಆಲ್ಪ್ರಜೋಲಮ್‌ನಂಥ ನಿದ್ರೆ ಗುಳಿಗೆ ಜೊತೆ ಸೇರಿದರೆ ಈ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ತಕ್ಷಣ 108ಕ್ಕೆ ಫೋನ್ ಮಾಡಿರಿ. ಉಸಿರಾಟ ಸರಿಯಾಗಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿರಿ. ಉಸಿರೇ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲದಂತೆ, 5 ಸೆಂಟಿಮೀಟರಿನಷ್ಟು ಆಳಕ್ಕೆ ಜೋರಾಗಿ ಒತ್ತುತ್ತಿರಿ. ಬಾಯಿಗೆ ನೀರು ಹಾಕುವುದು, ಕೈಗೆ ಬೀಗದ ಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿರಿ. ಬಂದವರಿಗೆ ಮೊದಲು ಹೇಳಬೇಕಾದ ಮಾತು "ಇವರು ಮೆಥಡೋನ್ ತಗೋತಾರೆ" ಎಂಬುದು. ಏಕೆಂದರೆ ಲಯ ಕೆಟ್ಟಿದ್ದರೆ ಮೆಗ್ನೀಸಿಯಂ ಚುಚ್ಚುಮದ್ದು, ಬೇಕಾದರೆ ವಿದ್ಯುತ್ ಶಾಕ್ ಕೊಡುತ್ತಾರೆ. ಉಸಿರು ಕುಗ್ಗಿದ್ದರೆ ನಲೊಕ್ಸೋನ್ ಕೊಡುತ್ತಾರೆ. ನಲೊಕ್ಸೋನ್ ಬೇಗ ಇಳಿಯುತ್ತದೆ, ಮೆಥಡೋನ್ ಇಳಿಯುವುದಿಲ್ಲ. ಆದ್ದರಿಂದ ರೋಗಿ ಎದ್ದು ಕುಳಿತ ಕೂಡಲೇ "ಆರಾಮಾದ, ಮನೆಗೆ ಹೋಗೋಣ" ಎನ್ನಬೇಡಿರಿ.

ಹೆದರಿ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ಹಿರಿಯರ ಮನಸ್ಸಿನಲ್ಲಿ "ಹೃದಯಕ್ಕೇ ಕುತ್ತು ತರುವ ಔಷಧಿ ನಮಗೆ ಬೇಡ, ನಾಳೆಯಿಂದಲೇ ಬಿಡಿಸೋಣ" ಎಂಬ ಯೋಚನೆ ಬಂದಿರಬಹುದು. ಇದೊಂದು ತಪ್ಪು ಮಾಡಬಾರದು ಎಂದೇ ನಾನು ಇಷ್ಟು ಹೊತ್ತು ಮಾತನಾಡಿದ್ದು. ಲೆಕ್ಕ ನೋಡಿರಿ.

ಬೇರೆ ಬೇರೆ ದೇಶಗಳಲ್ಲಿ ಮೆಥಡೋನ್ ಚಿಕಿತ್ಸೆ ಪಡೆದ 1 ಲಕ್ಷ 22 ಸಾವಿರಕ್ಕೂ ಹೆಚ್ಚು ಜನರ ವಿವರ ಕೂಡಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಚಿಕಿತ್ಸೆಯಲ್ಲಿ ಇದ್ದಾಗ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 11 ಜನ ಸತ್ತಿದ್ದರು. ಚಿಕಿತ್ಸೆ ಬಿಟ್ಟಾಗ ಸಾವಿರಕ್ಕೆ 36 ಜನ. ಅಂದರೆ ಮೂರು ಪಟ್ಟಿಗೂ ಹೆಚ್ಚು. ಬಿಟ್ಟ ಹೊಸತರಲ್ಲಿ ಅಪಾಯ ಎಲ್ಲಕ್ಕಿಂತ ಜಾಸ್ತಿ. ಏಕೆಂದರೆ ಮೈಯ ಒಗ್ಗುವಿಕೆ ಇಳಿದಿರುತ್ತದೆ, ಮನುಷ್ಯ ಮಾತ್ರ ಹಳೆಯ ಪ್ರಮಾಣದಲ್ಲೇ ಹೆರಾಯಿನ್ ಚುಚ್ಚಿಕೊಳ್ಳುತ್ತಾನೆ.

ಇನ್ನು ಹೃದಯದ ಲಯದ ಲೆಕ್ಕ. ನಾರ್ವೆ ದೇಶದಲ್ಲಿ ಮಾಡಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆಥಡೋನ್ ತೆಗೆದುಕೊಳ್ಳುತ್ತಿದ್ದ 173 ಜನರ ಇ.ಸಿ.ಜಿ. ನೋಡಿದರು. 8 ಜನರಲ್ಲಿ ಮಾತ್ರ ಅಂತರ 500 ದಾಟಿತ್ತು. ಅವರೆಲ್ಲರೂ ದಿನಕ್ಕೆ 120 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಳ್ಳುವವರು. ಲಯ ಕೆಟ್ಟು ಆಗಿರಬಹುದಾದ ಸಾವು ಹೆಚ್ಚೆಂದರೆ ವರ್ಷಕ್ಕೆ ಹತ್ತು ಸಾವಿರಕ್ಕೆ 6 ಎಂದು ಅವರು ಲೆಕ್ಕ ಹಾಕಿದರು. ಎರಡೂ ಬೇರೆ ಬೇರೆ ಅಧ್ಯಯನಗಳು, ತಕ್ಕಡಿಯಲ್ಲಿಟ್ಟಷ್ಟು ಸರಿಯಾಗಿ ಹೋಲಿಸಲಾಗದು. ಆದರೂ ಯಾವ ಕಡೆ ಭಾರ ಎಂಬುದು ಯಾರಿಗಾದರೂ ಕಾಣುತ್ತದೆ. ಹೃದಯದ ಅಪಾಯ ನಿಜ, ಆದರೆ ಅದು ಅಪರೂಪ, ಇ.ಸಿ.ಜಿ.ಯಿಂದ ಮೊದಲೇ ಪತ್ತೆ ಹಚ್ಚಬಹುದಾದದ್ದು. ಚಿಕಿತ್ಸೆ ಬಿಟ್ಟರೆ ಬರುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂತಾಗಲಿಲ್ಲವೇ ಸಿಸ್ಟರ್?" ಎಂದು ಕೇಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಅದಕ್ಕೆ ನಾವು ಚಟ ಎನ್ನುವುದಿಲ್ಲ. ಮೈ ಒಗ್ಗುವುದು ಬೇರೆ, ಚಟ ಬೇರೆ. ಸಿಕ್ಕಷ್ಟೂ ಸಾಲದೆ, ಮನೆಯ ಪಾತ್ರೆ ಮಾರಿ, ಸುಳ್ಳು ಹೇಳಿ ಬದುಕುವುದು ಚಟ. ಅಳತೆಯ ಔಷಧಿ ಕುಡಿದು ಮರ್ಯಾದೆಯಿಂದ ದುಡಿದು ತಿನ್ನುವುದು ಚಿಕಿತ್ಸೆ. ಎಷ್ಟು ವರ್ಷ ಬೇಕು, ಯಾವಾಗ ಇಳಿಸಬೇಕು ಎಂಬುದನ್ನು ರೋಗಿಯೂ ವೈದ್ಯರೂ ಕೂಡಿ ತೀರ್ಮಾನಿಸುತ್ತಾರೆ.

ನೆನಪಿಡಬೇಕಾದ ಮಾತುಗಳು

1. ಯಾವ ವೈದ್ಯರ ಬಳಿ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ಮೆಥಡೋನ್ ವಿಷಯ ಹೇಳಿರಿ. ಪ್ರಮಾಣ ಬರೆದ ಚೀಟಿ ಕಿಸೆಯಲ್ಲಿರಲಿ.
2. ಕೇಳದೆ ಯಾವ ಗುಳಿಗೆಯನ್ನೂ ನುಂಗಬೇಡಿರಿ. ಗ್ಯಾಸಿನ ಗುಳಿಗೆಯನ್ನೂ ಸಹ.
3. ಇ.ಸಿ.ಜಿ. ದಿನಾಂಕ ತಪ್ಪಿಸಬೇಡಿರಿ. ಹಳೆಯ ಪಟ್ಟಿ ಜೊತೆಗೆ ತನ್ನಿರಿ.
4. ಮೂರು ದಿನ ಅಥವಾ ಹೆಚ್ಚು ಔಷಧಿ ತಪ್ಪಿದರೆ ಹಳೆಯ ಪ್ರಮಾಣ ಕುಡಿಯಬೇಡಿರಿ. ಮೊದಲು ಕೇಂದ್ರಕ್ಕೆ ಹೇಳಿರಿ. ಕುಡಿದ ಮೇಲೆ ವಾಂತಿಯಾದರೆ ನೀವೇ ಇನ್ನೊಂದು ಸಲ ಕುಡಿಯಬೇಡಿರಿ.
5. ಮನೆಗೆ ಕೊಟ್ಟ ಔಷಧಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿರಿ. ದೊಡ್ಡವರ ಒಂದು ದಿನದ ಪ್ರಮಾಣ ಚಿಕ್ಕ ಮಗುವಿನ ಪ್ರಾಣ ತೆಗೆಯಬಲ್ಲದು. ಇನ್ನೊಬ್ಬರ ನೋವಿಗೆ ಹನಿಯಷ್ಟೂ ಕೊಡಬಾರದು.
6. ಎಚ್ಚರ ತಪ್ಪಿದರೆ, ಎದೆ ಡವಗುಟ್ಟಿದರೆ ಅದೇ ದಿನ ದವಾಖಾನೆಗೆ ಬನ್ನಿರಿ.
7. ಹೆದರಿ ಒಮ್ಮೆಲೇ ನಿಲ್ಲಿಸಬೇಡಿರಿ, ಪ್ರಮಾಣವನ್ನು ನೀವೇ ಏರಿಸಬೇಡಿರಿ, ಇಳಿಸಬೇಡಿರಿ.

ಚಟ ಬಿಡಿಸುವ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಕೇಳಲು ಕೇಂದ್ರ ಸರ್ಕಾರದ 14446 ಎಂಬ ಉಚಿತ ಸಹಾಯವಾಣಿ ಇದೆ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಹೇಳದೆಯೂ ಕೇಳಬಹುದು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ರೋಗಿಯ ಜೊತೆ ಇ.ಸಿ.ಜಿ. ಕೋಣೆಯ ತನಕ ಬರುವವರು, ಔಷಧಿ ಚೀಟಿ ಜೋಪಾನ ಮಾಡುವವರು, ರಾತ್ರಿ ಒಮ್ಮೆ ಎದ್ದು ಉಸಿರು ನೋಡುವವರು ನೀವೇ. ನಿಮ್ಮ ಎಚ್ಚರಿಕೆಯಷ್ಟು ದೊಡ್ಡ ಕಾವಲು ಅವರಿಗೆ ಬೇರೆ ಇಲ್ಲ. ಸಿಟ್ಟು ಬರುವುದು ಸಹಜ. ಆದರೆ ಚಿಕಿತ್ಸೆಗೆ ಬಂದವರನ್ನು ಹಳೆಯದನ್ನು ಎತ್ತಿ ಚುಚ್ಚಬೇಡಿರಿ. ಮುಂದಿನ ಪರೀಕ್ಷೆ ಯಾವ ದಿನ ಎಂದು ಕೇಳಿ, ಆ ದಿನ ಜೊತೆಗೆ ಬನ್ನಿರಿ.